ಮಷಿನ್ ಕಾಯ್ದ ಹೆಂಗಸರು

ಜಕ್ಕನಹಳ್ಳಿ ಸರ್ಕಲ್ಲಿನಲ್ಲಿ ಬೆಳಗಿನ ಆರೂವರೆ ಹೊತ್ತಿಗೆ ನಿಂತರೆ ಎರಡು ಬಗೆಯ ಜನ ಎದುರಾಗುತ್ತಾರೆ. ಬೆಟ್ಟ ಹತ್ತಿ ಮೇಲುಕೋಟೆಗೆ ಹೋಗುವವರು ಮತ್ತು ಆ ಕಡೆಯ ಹಳ್ಳಿಗಳಿಂದ ಇಳಿದು ಬರುವವರು. ಹೋಗುವವರ ಕೈಯಲ್ಲಿ ತುಳಸಿ ಹಾರ, ಹಣ್ಣುಕಾಯಿ ಕವರು. ಕಲ್ಯಾಣಿಯಲ್ಲಿ ಕಾಲು ತೊಳೆದು, ಚೆಲುವನಾರಾಯಣನ ದರ್ಶನ ಮಾಡಿ, ಪುಳಿಯೋಗರೆ ಕಟ್ಟಿಸಿಕೊಂಡು ಮಧ್ಯಾಹ್ನದೊಳಗೆ ಊರು ಸೇರುವ ಲೆಕ್ಕ ಅವರದು. ಇಳಿದು ಬರುವವರಿಗೆ ಅಷ್ಟು ಪುರಸೊತ್ತಿಲ್ಲ. ಹೆಗಲಿಗೆ ವ್ಯಾನಿಟಿ ಬ್ಯಾಗು, ಅದರೊಳಗೆ ಟಿಫನ್ ಬಾಕ್ಸು, ನೀರಿನ ಬಾಟಲು, ಕತ್ತಿನಲ್ಲಿ ಕಂಪನಿಯ ಐಡಿ ಕಾರ್ಡು. ತಲೆಯ ಒದ್ದೆ ಇನ್ನೂ ಆರಿಲ್ಲ. ಒಬ್ಬಳು ನಿಂತಲ್ಲೇ ಜಡೆ ಹೆಣೆದುಕೊಳ್ಳುತ್ತಿದ್ದಾಳೆ, ಇನ್ನೊಬ್ಬಳು ಫೋನಿನಲ್ಲಿ ಮಗನಿಗೆ ಯೂನಿಫಾರ್ಮ್ ಎಲ್ಲಿದೆ ಎಂದು ಹೇಳಿಕೊಡುತ್ತಿದ್ದಾಳೆ.

ನಾಗಮಂಗಲದ ಕಡೆಯಿಂದ ವ್ಯಾನು ಬರುತ್ತದೆ. ಹದಿನಾಲ್ಕು ಸೀಟಿನ ಗಾಡಿಯಲ್ಲಿ ಆಗಲೇ ಇಪ್ಪತ್ತು ಜನ ಇದ್ದಾರೆ.

"ಬಿರ್‌ಬಿರ್ನೆ ಹತ್ರವ್ವ, ಗೇಟ್ ಹಾಕ್ಬುಟ್ರೆ ನನ್ನ ಬಯ್ಬೇಡಿ."

"ನೀನು ಚಿನಕುರಳೀಲಿ ಟೀ ಕುಡಿಯಕ್ಕೆ ನಿಲ್ಲಿಸ್ದೆ ಇದ್ರೆ ಗೇಟು ಯಾಕೆ ಹಾಕರು?"

ನಗು. ಬಾಗಿಲು ಸರಿಯುತ್ತದೆ. ಗಾಡಿ ಪಾಂಡವಪುರದ ಕಡೆ ತಿರುಗಿ, ಕಬ್ಬಿನ ಗದ್ದೆ, ತೆಂಗಿನ ತೋಟ, ಕಲ್ಲು ಪುಡಿ ಹೊತ್ತ ಟಿಪ್ಪರುಗಳ ನಡುವೆ ಮರೆಯಾಗುತ್ತದೆ. ಕೆಲವು ಕಾರ್ಖಾನೆಗಳು ತಾವೇ ವಾಹನ ಕಳಿಸುತ್ತವೆ. ಉಳಿದ ಕಡೆ ಹೆಂಗಸರೇ ಚಂದಾ ಹಾಕಿ ಡ್ರೈವರನನ್ನು ಗೊತ್ತು ಮಾಡಿಕೊಂಡಿರುತ್ತಾರೆ. ಸಂಬಳದ ಮೊದಲ ಖರ್ಚು ಈ ಬಾಡಿಗೆಯೇ.

ಗಾರ್ಮೆಂಟ್ಸ್ ಈ ಸೀಮೆಗೆ ಬಂದು ಬಹಳ ಕಾಲವೇನೂ ಆಗಿಲ್ಲ. ಮಂಡ್ಯ ಅಂದರೆ ಕಬ್ಬು, ಕಬ್ಬು ಅಂದರೆ 1933ರಲ್ಲಿ ಶುರುವಾದ ಮೈಷುಗರ್, ಇತ್ತ ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆ. ಅಲ್ಲಿನ ಕಾಯಂ ನೌಕರಿ ಗಂಡಸಿನದು. ಯೂನಿಯನ್, ಬೋನಸ್, ಓಟಿ, ಗೇಟ್ ಮೀಟಿಂಗ್ ಎಂಬ ಮಾತುಗಳೂ ಗಂಡಸಿನವೇ. ವಿಶ್ವೇಶ್ವರಯ್ಯ ನಾಲೆಯ ನೀರು ನಂಬಿಕೊಂಡ ಬೇಸಾಯ ಕೈ ಕೊಡತೊಡಗಿತು. ಸಕ್ಕರೆ ಕಾರ್ಖಾನೆಗಳು ಸಾಲದಲ್ಲಿ ಮುಳುಗಿದವು. ಪಾಂಡವಪುರದ ಕಾರ್ಖಾನೆ ವರ್ಷಗಟ್ಟಲೆ ಬಾಗಿಲು ಹಾಕಿಕೊಂಡಿದ್ದು, 2020ರಲ್ಲಿ 40 ವರ್ಷಗಳ ಗುತ್ತಿಗೆಗೆ ನಿರಾಣಿ ಸಂಸ್ಥೆಯ ಪಾಲಾಯಿತು. ಈ ಹೊತ್ತಿಗೆಲ್ಲ ಬೆಂಗಳೂರಿನ ಸಿದ್ಧ ಉಡುಪು ಕಂಪನಿಗಳು ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಂದು ಹೆದ್ದಾರಿಗುಂಟ ಇಳಿದು ಬಂದಿದ್ದವು. ಕನಿಷ್ಠ ವೇತನವನ್ನು ವಲಯವಾರು ಗೊತ್ತುಪಡಿಸುವ ನಮ್ಮ ಪದ್ಧತಿಯಲ್ಲಿ ನಗರಕ್ಕಿಂತ ತಾಲ್ಲೂಕು ಕೇಂದ್ರದ ಕೂಲಿ ಕಡಿಮೆ. ಹೊಲಿಯುವ ಅಂಗಿ ಅದೇ, ದಾರ ಅದೇ, ಕೊಳ್ಳುವ ವಿದೇಶಿ ಅಂಗಡಿಯೂ ಅದೇ.

ಮನೆಯೊಳಗಿನ ಒಂದು ಚಿತ್ರ ನೋಡಬೇಕು. ಪಾಂಡವಪುರ ತಾಲ್ಲೂಕು ರೈತಸಂಘದ ಗಟ್ಟಿ ನೆಲ. ಕ್ಯಾತನಹಳ್ಳಿಯ ಕೆ.ಎಸ್. ಪುಟ್ಟಣ್ಣಯ್ಯ ಇಲ್ಲಿಂದಲೇ ವಿಧಾನಸಭೆಗೆ ಹೋದವರು. 2018ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡರೂ ಹಸಿರು ಟವೆಲ್ಲು ಇಲ್ಲದ ಮನೆ ಹುಡುಕುವುದು ಕಷ್ಟ. ಕಬ್ಬಿನ ಬಾಕಿಗೆ, ಕಾವೇರಿ ನೀರಿಗೆ ಹೆದ್ದಾರಿಯಲ್ಲಿ ಅಡ್ಡ ಕೂತವರು ಆ ಮನೆಗಳ ಗಂಡಸರು. ಅದೇ ಮನೆಯ ಸೊಸೆ ಗಾರ್ಮೆಂಟ್ಸಿನಲ್ಲಿ ಸಂಘಕ್ಕೆ ಸೇರುತ್ತೇನೆ ಅಂದರೆ ಟವೆಲ್ಲು ಕೊಡವಿಕೊಂಡು ಎದ್ದು ಕೂರುತ್ತಾರೆ. "ಅವೆಲ್ಲಾ ನಿಂಗ್ಯಾಕೆ? ಇರೋ ಕೆಲ್ಸನೂ ಕಳ್ಕಂಡು ಬಂದೀಯ." ಮೈಸೂರಿನ ಐಡಿಯಲ್ ಜಾವಾ ಬೈಕ್ ಕಾರ್ಖಾನೆ 1996ರಲ್ಲಿ ಮುಚ್ಚಿತಲ್ಲ, ಅದು ಯೂನಿಯನ್ನಿನಿಂದಲೇ ಮುಚ್ಚಿದ್ದು ಅನ್ನುವ ಮಾತು ಈ ಕಡೆ ಇವತ್ತಿಗೂ ಚಾಲ್ತಿಯಲ್ಲಿದೆ. ಮಾರುಕಟ್ಟೆಗೆ ಹೊಸ ಬೈಕುಗಳು ಬಂದದ್ದನ್ನು ಯಾರೂ ನೆನೆಯುವುದಿಲ್ಲ. ಬೈದರೆ ಯಾರೂ ಎದುರಾಡದ ಆಸಾಮಿ ಯೂನಿಯನ್ನು.

ಒಳಗೆ ಏನು ನಡೆಯುತ್ತದೆ?

ಶೆಡ್ಡಿನ ಉದ್ದಕ್ಕೂ ಸಾಲು ಸಾಲು ಮಷಿನ್. ಮೇಲೆ ಟ್ಯೂಬ್‌ಲೈಟು, ನೆಲದಲ್ಲಿ ದಾರದ ತುಣುಕು, ಗಾಳಿಯಲ್ಲಿ ಬಟ್ಟೆಯ ದೂಳು. ಒಂದು ಸಾಲಿಗೆ ಲೈನು ಅಥವಾ ಬ್ಯಾಚು ಅನ್ನುತ್ತಾರೆ. ಕಟಿಂಗಿನಿಂದ ಬಂದ ಬಂಡಲ್ಲು ಒಂದು ತುದಿಯಲ್ಲಿ ಒಳಗೆ ಬಂದರೆ, ಇನ್ನೊಂದು ತುದಿಯಲ್ಲಿ ಗುಂಡಿ ಹಾಕಿದ ಅಂಗಿಯಾಗಿ ಹೊರಬೀಳಬೇಕು. ಅಂಗಿಯೊಂದು ಹತ್ತಾರು ಕೈ ದಾಟುತ್ತದೆ. ಕಾಲರ್ ಕೂರಿಸುವವಳು ದಿನವಿಡೀ ಕಾಲರನ್ನೇ ಕೂರಿಸುತ್ತಾಳೆ. ಅವಳು ಪೂರ್ತಿ ಅಂಗಿ ಹೊಲಿಯುವುದು ಊರಿನಲ್ಲಿ ಭಾನುವಾರ ಯಾರಾದರೂ ಬಟ್ಟೆ ತಂದುಕೊಟ್ಟರೆ ಮಾತ್ರ. ಎಡಗೈಯ ಎರಡು ಬೆರಳಲ್ಲಿ ಕಾಲರಿನ ಅಂಚು ಒತ್ತಿ ಹಿಡಿದು, ಬಲಗೈಯಲ್ಲಿ ಅಂಗಿಯ ಕೊರಳನ್ನು ತಿರುವುತ್ತ, ಪೆಡಲಿನ ಮೇಲೆ ಪಾದ ತುಸು ಒತ್ತಿದರೆ ಸೂಜಿ ಕಣ್ಣಿಗೆ ಕಾಣದ ವೇಗದಲ್ಲಿ ಓಡುತ್ತದೆ. ಕೊರಳಿನ ತಿರುವಿನಲ್ಲಿ ವೇಗ ತಗ್ಗಿಸಬೇಕು. ಅಲ್ಲಿ ಒಂದು ನೆರಿಗೆ ಬಿದ್ದರೂ ಚೆಕಿಂಗಿನವರು ವಾಪಸು ಎಸೆಯುತ್ತಾರೆ. ತಗ್ಗಿಸಿದರೆ ಟಾರ್ಗೆಟ್ ಹೋಗುತ್ತದೆ. ಗಂಟೆಗೊಮ್ಮೆ ಬೋರ್ಡಿನ ಮೇಲೆ ಬರೆಯುತ್ತಾರೆ: ಆಗಬೇಕಾದ ಪೀಸು ಇಷ್ಟು, ಆದದ್ದು ಇಷ್ಟು. ಎರಡರ ನಡುವಿನ ಅಂತರವನ್ನು ತುಂಬುವುದು ಸೂಪರ್‌ವೈಸರನ ಬಾಯಿ. ಆ ಮಾತುಗಳನ್ನು ಇಲ್ಲಿ ಬರೆಯಲಾಗದು. ಈ ಕಸುಬಿನಲ್ಲಿ ಬಹಳ ಹೆಂಗಸರು ಕೂಲಿಗಿಂತ ಮೊದಲು ಹೇಳಿಕೊಳ್ಳುವ ದೂರು ಆ ಬಾಯಿಯದೇ. ಟಾಯ್ಲೆಟ್ಟಿಗೆ ಎದ್ದು ಹೋದರೆ ಬಂಡಲ್ಲು ಗುಡ್ಡೆ ಬೀಳುತ್ತದೆಂದು ನೀರು ಕುಡಿಯುವುದನ್ನೇ ಬಿಟ್ಟವರಿದ್ದಾರೆ. ಬೆಳಿಗ್ಗೆ ಬ್ಯಾಗಿನಲ್ಲಿಟ್ಟ ಬಾಟಲು ಸಂಜೆ ಅರ್ಧ ತುಂಬಿಕೊಂಡೇ ಮನೆಗೆ ವಾಪಸಾಗುತ್ತದೆ.

ವರ್ಷಕ್ಕೊಮ್ಮೆ ಮಾತ್ರ ಲೈನುಗಳು ಲೆಕ್ಕ ತಪ್ಪುತ್ತವೆ. ಮೇಲುಕೋಟೆಯ ವೈರಮುಡಿ ಉತ್ಸವದ ರಾತ್ರಿ ನಿದ್ದೆಗೆಟ್ಟ ಹುಡುಗಿಯರು ಮಾರನೇ ದಿನ ಬರುವುದಿಲ್ಲ. ಯಾವ ಟಾರ್ಗೆಟ್ಟೂ ಆ ಉತ್ಸವವನ್ನು ಮೀರಿಸಲಾರದು.

ಶ್ರೀರಂಗಪಟ್ಟಣದಲ್ಲಿ ಇಂಥದೊಂದು ಕಾರ್ಖಾನೆ ಇತ್ತು. ಗೋಕಲದಾಸ್ ಎಕ್ಸ್‌ಪೋರ್ಟ್ಸ್‌ಗೆ ಸೇರಿದ ಯೂರೋ ಕ್ಲೋದಿಂಗ್ ಕಂಪನಿ-2. ಕೆಲಸಗಾರರು 1,200ಕ್ಕೂ ಮೇಲೆ, ಬಹುತೇಕ ಹೆಂಗಸರು. ಹೊಲಿಯುತ್ತಿದ್ದದ್ದು ಸ್ವೀಡನ್ನಿನ ಎಚ್ ಅಂಡ್ ಎಂ ಕಂಪನಿಗೆ. ಇಲ್ಲಿನ ಬಹುಪಾಲು ಹೆಂಗಸರು ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್, ಅಂದರೆ ಗಾಟ್ವು ಸಂಘದ ಸದಸ್ಯರಾಗಿದ್ದರು. ಕರ್ನಾಟಕದ ಗಾರ್ಮೆಂಟ್ಸ್‌ನಲ್ಲಿ ಇದು ಅಪರೂಪ. ಲಕ್ಷಗಟ್ಟಲೆ ಜನ ದುಡಿಯುವ ಈ ಉದ್ಯಮದಲ್ಲಿ ಸಂಘದ ರಸೀದಿ ಇಟ್ಟುಕೊಂಡವರು ತೀರಾ ಕಡಿಮೆ. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣಕ್ಕೆ ಕೈ ಹಾಕಿದ ಕೇಂದ್ರದ ನಿಯಮದ ವಿರುದ್ಧ ಬೆಂಗಳೂರಿನ ರಸ್ತೆಗಿಳಿದು, ಎರಡೇ ದಿನದಲ್ಲಿ ಅದನ್ನು ವಾಪಸು ತೆಗೆಸಿದ ಸಾವಿರಾರು ಹೆಂಗಸರಿಗೂ ಮುಂದಾಳು ಎಂದು ಯಾವ ಸಂಘವೂ ಇರಲಿಲ್ಲ. ಎದ್ದರು, ಗೆದ್ದರು, ಮೂರನೇ ದಿನ ಮತ್ತೆ ಮಷಿನ್ ಮುಂದೆ ಕೂತರು. ಆ ಕಿಚ್ಚನ್ನು ಮಾರನೇ ತಿಂಗಳಿಗೂ ಕಾಪಿಟ್ಟುಕೊಳ್ಳಲು ಬೇಕಾದ ಪುಸ್ತಕ, ಪಟ್ಟಿ, ಚಂದಾ, ಸಭೆ ಶ್ರೀರಂಗಪಟ್ಟಣದಲ್ಲಿತ್ತು.

ಅಲ್ಲಿಗೆ ಸಂಘ ಹೇಗೆ ಬಂತು? ನನ್ನ ಅಂದಾಜಿಗೆ ಅರ್ಧ ಉತ್ತರ ವ್ಯಾನಿನಲ್ಲಿದೆ. ಲೈನಿನಲ್ಲಿ ಪಕ್ಕದವಳ ಜೊತೆ ಮಾತಾಡುವ ಹಾಗಿಲ್ಲ. ಊಟದ ಅರ್ಧ ಗಂಟೆ ಕೈ ತೊಳೆಯಲು ಸಾಲು ನಿಲ್ಲುವುದರಲ್ಲೇ ಮುಗಿಯುತ್ತದೆ. ಸಂಜೆ ಗೇಟಿನಾಚೆ ಕರಪತ್ರ ಹಂಚುವವರ ಹತ್ತಿರ ನಿಂತರೆ ಸೆಕ್ಯುರಿಟಿಯವನು ನೋಡುತ್ತಾನೆ. ಆದರೆ ವ್ಯಾನಿನೊಳಗೆ ಕಂಪನಿಯ ಕಣ್ಣಿಲ್ಲ. ಹೋಗುತ್ತ ಒಂದು ಗಂಟೆ, ಬರುತ್ತ ಒಂದು ಗಂಟೆ, ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತ ಇಪ್ಪತ್ತು ಜನ. ಯಾರ ಇಎಸ್‌ಐ ಕಾರ್ಡು ಬಂದಿಲ್ಲ, ಯಾರಿಗೆ ಓಟಿ ಕಾಸು ಹಿಡಿದಿದ್ದಾರೆ, ಯಾವ ಇನ್‌ಚಾರ್ಜ್ ಯಾರ ಮೇಲೆ ಕೂಗಾಡಿದ ಎಲ್ಲವೂ ಅಲ್ಲಿ ಬಿಚ್ಚಿಕೊಳ್ಳುತ್ತದೆ. ಅಲ್ಲದೆ ಈ ಹೆಂಗಸರು ಧರ್ಮಸ್ಥಳದ ಸಂಘ, ಸ್ತ್ರೀಶಕ್ತಿ ಸಂಘಗಳಲ್ಲಿ ವಾರವಾರ ಕೂತು ಪುಸ್ತಕ ಬರೆದು ಪಳಗಿದವರು. ಒಬ್ಬಳು ಕಂತು ತಪ್ಪಿಸಿದರೆ ಉಳಿದವರು ತುಂಬಬೇಕೆಂಬ ಕಟ್ಟು ಅವರಿಗೆ ಹೊಸದಲ್ಲ. ಕಟ್ಟು ಸಾಲಕ್ಕೆ ಮಾತ್ರವೇ ಯಾಕಿರಬೇಕು ಎಂದು ಯಾರಾದರೂ ಒಬ್ಬಳು ಕೇಳಬೇಕಿತ್ತು, ಅಷ್ಟೆ.

2020ರ ಲಾಕ್‌ಡೌನ್ ಬಂತು. ಕಾರ್ಖಾನೆ ನಿಂತು, ಮತ್ತೆ ಶುರುವಾಗಿ, ಕೆಲಸ ಕುಂಟುತ್ತಿದ್ದ ಸಮಯ. ಜೂನ್ ಮೊದಲ ವಾರ ಒಳಗಿದ್ದ ಹೊಲಿಗೆ ಮಷಿನ್‌ಗಳನ್ನು ಬೇರೆಡೆಗೆ ಸಾಗಿಸುವ ತಯಾರಿ ಹೆಂಗಸರ ಕಣ್ಣಿಗೆ ಬಿತ್ತು. ಬೀಗ ಹಾಕಿದ ಗೇಟಿಗೆ ನೋಟಿಸು ಅಂಟಿಸುವುದು ಮುಚ್ಚುವ ಹಳೆಯ ರೀತಿ. ಹೊಸ ರೀತಿಯಲ್ಲಿ ಮೊದಲು ಮಷಿನ್ ಹೋಗುತ್ತದೆ. ಮಷಿನ್ ಇಲ್ಲದ ಶೆಡ್ಡಿನಲ್ಲಿ ಕೆಲಸ ಕೇಳುವ ಬಾಯಿಗೆ ಅರ್ಥವೇ ಇರುವುದಿಲ್ಲ. ಅದು ಹೊಳೆಯಲು ಅವರಿಗೆ ವಕೀಲರೇನೂ ಬೇಕಾಗಲಿಲ್ಲ. ಅಡ್ಡ ನಿಂತರು.

ಜೂನ್ 6ರಂದು ಅಷ್ಟೂ ಜನರನ್ನು ಲೇ-ಆಫ್ ಮಾಡಿರುವುದಾಗಿ ಕಂಪನಿ ಹೇಳಿತು. ಆರ್ಡರ್ ಇಲ್ಲ ಎನ್ನುವುದು ಕಾರಣ. ಕಂಪನಿಗೆ ಇಪ್ಪತ್ತಕ್ಕೂ ಹೆಚ್ಚು ಘಟಕಗಳಿರುವಾಗ, ಸಂಘ ಬೇರು ಬಿಟ್ಟ ಇದೊಂದಕ್ಕೇ ಆರ್ಡರ್ ಇಲ್ಲದಾಯಿತೆ ಎನ್ನುವುದು ಕೆಲಸಗಾರರ ಪ್ರಶ್ನೆ. ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ 100 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಾರ್ಖಾನೆ ಲೇ-ಆಫ್ ಮಾಡಬೇಕಾದರೆ ಸರ್ಕಾರದ ಒಪ್ಪಿಗೆ ಮೊದಲೇ ಬೇಕು. ಅದನ್ನು ಪಡೆದಿಲ್ಲ ಎಂದು ಸಂಘ ವಾದಿಸಿತು. ಲೇ-ಆಫ್ ಅವಧಿಯಲ್ಲಿ ಅರ್ಧ ಸಂಬಳ. ಹತ್ತು ಸಾವಿರ ಮುಟ್ಟದ ಸಂಬಳದ ಅರ್ಧವೆಂದರೆ ಎಷ್ಟೆಂದು ಲೆಕ್ಕ ಹಾಕಬಹುದು. ಅದರಲ್ಲೇ ಸಾಲದ ಸಂಘದ ಕಂತು, ರೇಷನ್ನು, ಆನ್‌ಲೈನ್ ಪಾಠಕ್ಕೆ ಮಗುವಿನ ಫೋನ್ ರೀಚಾರ್ಜು.

ಸುಮಾರು ಐವತ್ತು ದಿನ ಅವರು ಬಂದರು. ಕೆಲಸಕ್ಕೆ ಬರುವ ಹಾಗೆಯೇ ಬೆಳಿಗ್ಗೆ ಬಂದು ಕಾರ್ಖಾನೆಯ ಮುಂದೆ ಕೂತರು. ಬಾಯಿಗೆ ಮಾಸ್ಕು, ಕೈಯಲ್ಲಿ ಬರೆದ ಹಾಳೆ, ಪಕ್ಕದಲ್ಲಿ ಅದೇ ಟಿಫನ್ ಬಾಕ್ಸು. ಮುಂಗಾರಿನ ಹೊತ್ತು. ಗುಂಪು ಸೇರಬಾರದೆಂಬ ಕಾಲವಾದ್ದರಿಂದ ಧರಣಿಗೆ ಮೈಕು, ಪೆಂಡಾಲಿನ ಸಡಗರ ಇರಲಿಲ್ಲ. ಟಿಪ್ಪುವಿನ ಕೋಟೆ ನೋಡಲು ಬರುವ ಪ್ರವಾಸಿಗರೂ ಆ ದಿನಗಳಲ್ಲಿ ಇರಲಿಲ್ಲವಾದ್ದರಿಂದ ಶ್ರೀರಂಗಪಟ್ಟಣದ ಬೀದಿಯಲ್ಲಿ ಇದ್ದ ಜನಜಂಗುಳಿ ಎಂದರೆ ಇವರದೇ. ಮೈಸೂರಿನ ಘಟಕಕ್ಕೆ ಹೋಗಿ ಎಂಬ ಮಾತು ಬಂತು. ಶ್ರೀರಂಗಪಟ್ಟಣದಿಂದ ಮೈಸೂರು ಏನು ಮಹಾ ದೂರ ಎಂದು ಕಾರಿನಲ್ಲಿ ಓಡಾಡುವವರು ಕೇಳಬಹುದು. ಮೇಲುಕೋಟೆಯ ಬುಡದ ಹಳ್ಳಿಯಿಂದ ನಸುಕಿಗೆ ಹೊರಟವಳಿಗೆ ಇನ್ನೊಂದು ಗಂಟೆ ಕೂಡಿದರೆ ಮಗುವನ್ನು ಎಬ್ಬಿಸುವ ಮೊದಲೇ ಮನೆ ಬಿಡಬೇಕು.

ಜುಲೈ ಕೊನೆಯ ಹೊತ್ತಿಗೆ ಒಬ್ಬೊಬ್ಬರಾಗಿ ಸಹಿ ಹಾಕಿದರು. ಲೆಕ್ಕ ಚುಕ್ತಾ ಮಾಡಿಸಿಕೊಂಡು ರಾಜೀನಾಮೆ ಬರೆದುಕೊಟ್ಟವರೇ ಹೆಚ್ಚು. ಅದು ಒತ್ತಾಯದ ಸಹಿ ಎಂದು ಸಂಘ ಹೇಳಿತು. ಕಾರ್ಖಾನೆ ಮುಚ್ಚಿತು. ಹಸಿರು ಟವೆಲ್ಲಿನ ಮಾವ ಹೇಳಿದ್ದ ಮಾತು ನಿಜವಾಯಿತಲ್ಲ ಎಂದು ಅವತ್ತು ಎಷ್ಟು ಮನೆಗಳಲ್ಲಿ ಕೇಳಿಬಂದಿತ್ತೋ.

ಕತೆ ಅಲ್ಲಿಗೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಎಚ್ ಅಂಡ್ ಎಂ ಕಂಪನಿಯು ಇಂಡಸ್ಟ್ರಿ-ಆಲ್ ಎಂಬ ಜಾಗತಿಕ ಕಾರ್ಮಿಕ ಒಕ್ಕೂಟದ ಜೊತೆ 2015ರಲ್ಲೇ ಒಂದು ಒಪ್ಪಂದ ಮಾಡಿಕೊಂಡಿತ್ತು. ತನಗೆ ಬಟ್ಟೆ ಹೊಲಿದುಕೊಡುವ ಕಾರ್ಖಾನೆಗಳಲ್ಲಿ ಸಂಘ ಕಟ್ಟುವ ಹಕ್ಕಿಗೆ ಗೌರವ ಸಿಗಬೇಕೆಂಬುದು ಅದರ ತಿರುಳು. ಕಾಗದದ ಮೇಲಿದ್ದ ಆ ಮಾತನ್ನು ಹಿಡಿದು ಜಗ್ಗಲು ಶ್ರೀರಂಗಪಟ್ಟಣದಲ್ಲಿ ಕೈಗಳಿದ್ದವು. ಪತ್ರಗಳು ಓಡಾಡಿದವು, ವಿದೇಶದ ಪತ್ರಿಕೆಗಳಲ್ಲಿ ಸುದ್ದಿಯಾಯಿತು, ಮಾತುಕತೆ ತಿಂಗಳುಗಟ್ಟಲೆ ನಡೆಯಿತು. 2021ರ ಫೆಬ್ರುವರಿಯಲ್ಲಿ ಗೋಕಲದಾಸ್ ಕಂಪನಿ ಗಾಟ್ವು ಜೊತೆ ಒಪ್ಪಂದಕ್ಕೆ ಬಂತು. ಸಂಘಕ್ಕೆ ಮಾನ್ಯತೆ ಕೊಟ್ಟಿತು, ಕೆಲಸ ಕಳೆದುಕೊಂಡವರಿಗೆ ತನ್ನ ಬೇರೆ ಘಟಕಗಳಲ್ಲಿ ಮತ್ತೆ ಕೆಲಸ ಕೊಡಲು ಒಪ್ಪಿತು. ಶೆಡ್ಡು ವಾಪಸು ಬರಲಿಲ್ಲ, ಸಂಘ ಉಳಿಯಿತು. ಇದನ್ನು ಗೆಲುವು ಅನ್ನಬೇಕೋ ಬೇಡವೋ ಎಂದು ಕೇಳಿದರೆ, ಮುಚ್ಚಿದ ಎಷ್ಟೋ ಗಾರ್ಮೆಂಟ್ಸ್‌ಗಳ ಹೆಂಗಸರಿಗೆ ಇಷ್ಟೂ ಸಿಕ್ಕಿಲ್ಲ ಎಂಬುದು ನನ್ನ ಉತ್ತರ. ಸಂಘವಿದ್ದ ಕಾರ್ಖಾನೆ ಮುಚ್ಚಿತು ಎಂದು ಆಡಿಕೊಳ್ಳುವವರು, ಸಂಘವಿಲ್ಲದೆ ಮುಚ್ಚಿದ ಕಾರ್ಖಾನೆಗಳ ಹೆಸರನ್ನೇ ಮರೆತಿದ್ದಾರೆ. ಅವುಗಳ ಬಾಗಿಲಲ್ಲಿ ಕೂರಲು ಯಾರೂ ಇರಲಿಲ್ಲ, ಹಾಗಾಗಿ ಸುದ್ದಿಯೂ ಆಗಲಿಲ್ಲ.

ಲಾಕ್‌ಡೌನ್ ವರ್ಷದ ಇನ್ನೊಂದು ಲೆಕ್ಕವನ್ನೂ ಹೇಳಿಬಿಡಬೇಕು. 2020ರ ಏಪ್ರಿಲ್‌ನಿಂದ ಕೂಡಬೇಕಿದ್ದ ತುಟ್ಟಿಭತ್ಯೆ ತಿಂಗಳಿಗೆ 417 ರೂಪಾಯಿ. ಕೊರೊನಾ ಹೆಸರಿನಲ್ಲಿ ಸರ್ಕಾರ ಅದನ್ನು ಒಂದು ವರ್ಷ ಮುಂದೂಡಿತು. ಹೈಕೋರ್ಟಿನಲ್ಲಿ ಆ ಆದೇಶ ನಿಲ್ಲಲಿಲ್ಲ. ಆದರೂ ಹೆಚ್ಚಿನ ಕಂಪನಿಗಳು ಕೊಡದೆ ಕೂತವು. ರಾಜ್ಯದ ಸುಮಾರು 4 ಲಕ್ಷ ಕೆಲಸಗಾರರ ಕೈಗೆ ಸೇರಬೇಕಾದ ದುಡ್ಡು ಅದು. ಗಾಟ್ವು ಮತ್ತು ಹೊರದೇಶದ ಕಾರ್ಮಿಕ ಹಕ್ಕು ಸಂಸ್ಥೆಗಳು ಬ್ರ್ಯಾಂಡ್‌ಗಳ ಬೆನ್ನು ಹತ್ತಿದ ಮೇಲೆ, 2021ರ ಕೊನೆಗೆ ದೊಡ್ಡ ಕಂಪನಿಗಳು ಬಾಕಿ ಕೊಡಲು ಒಪ್ಪಿದವು. ಹಾಸನದಲ್ಲೋ ಮದ್ದೂರಲ್ಲೋ ಖಾತೆಗೆ ಬಾಕಿ ಬಿದ್ದ ಹೆಂಗಸಿಗೆ ಅದು ಎಲ್ಲಿಂದ ಬಂತೆಂದು ಗೊತ್ತಾಗಿರಲಿಕ್ಕೂ ಇಲ್ಲ.

ಸಂಘವೇ ಇಲ್ಲದ ಕಡೆ ಏನಾಗಬಹುದು ಎಂಬುದಕ್ಕೆ ಬಾಂಗ್ಲಾದೇಶದ ಕಡೆ ನೋಡಬೇಕು. ಢಾಕಾದ ಹೊರವಲಯದಲ್ಲಿ 2013ರ ಏಪ್ರಿಲ್ 24ರಂದು ಗಾರ್ಮೆಂಟ್ಸ್‌ಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟದ್ದನ್ನು ಎಲ್ಲರೂ ನೋಡಿದ್ದರು. ಒಳಗೆ ಹೋಗುವುದಿಲ್ಲ ಎಂದು ಒಟ್ಟಾಗಿ ಹೇಳಬಲ್ಲ ಸಂಘ ಅಲ್ಲಿನ ಕಾರ್ಖಾನೆಗಳಲ್ಲಿ ಇರಲಿಲ್ಲ. ಸಂಬಳ ಹಿಡಿಯುತ್ತಾರೆಂಬ ಭಯಕ್ಕೆ ಬೆಳಿಗ್ಗೆ ಒಳಗೆ ಹೋದರು. ಬಾಂಗ್ಲಾದೇಶವು ಸಂಘ ಕಟ್ಟುವ ಮತ್ತು ಸಾಮೂಹಿಕ ಚೌಕಾಸಿಯ ಹಕ್ಕಿನ ಅಂತರರಾಷ್ಟ್ರೀಯ ಒಡಂಬಡಿಕೆಗಳೆರಡಕ್ಕೂ ಸಹಿ ಹಾಕಿದ ದೇಶ. ಭಾರತ ಅವೆರಡಕ್ಕೂ ಇವತ್ತಿನವರೆಗೆ ಸಹಿ ಹಾಕಿಲ್ಲ. ಸಹಿ ಬೇರೆ, ಗೇಟಿನ ಒಳಗಿನ ಪಾಡು ಬೇರೆ.

ಮತ್ತೆ ಬೆಟ್ಟ ಹತ್ತಿದರೆ ಮೇಲುಕೋಟೆಯಲ್ಲಿ ಬಟ್ಟೆಯ ಇನ್ನೊಂದು ಮುಖವಿದೆ. ಮೇಲುಕೋಟೆ ಪಂಚೆಗೆ ಒಂದು ಕಾಲದಲ್ಲಿ ಹೆಸರಿತ್ತು. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತ ನೇಕಾರ ಹಗ್ಗ ಎಳೆದರೆ ಲಾಳಿ ಅತ್ತಿಂದಿತ್ತ ಓಡುತ್ತದೆ. ಕಾಲಡಿಯ ಹಲಗೆ ಒತ್ತಿದರೆ ಹಾಸಿನ ಎಳೆಗಳು ಬಾಯಿ ತೆರೆಯುತ್ತವೆ. ಹೊಕ್ಕು ಬಿದ್ದ ಮೇಲೆ ಎದೆಯ ಕಡೆಗೆ ಒಂದು ಬಡಿತ. ಜಯಪ್ರಕಾಶ ನಾರಾಯಣರ ಒಡನಾಟದಿಂದ ಬಂದ ಸುರೇಂದ್ರ ಕೌಲಗಿ 1960ರಲ್ಲಿ ಇಲ್ಲಿ ಜನಪದ ಸೇವಾ ಟ್ರಸ್ಟ್ ಕಟ್ಟಿ ಖಾದಿ, ನೈಸರ್ಗಿಕ ಬಣ್ಣ, ಮಗ್ಗಗಳಿಗೆ ಒಂದು ನೆಲೆ ಮಾಡಿದರು. ಇಲ್ಲಿ ಕೂಗಾಡುವ ಸೂಪರ್‌ವೈಸರಿಲ್ಲ, ಬೋರ್ಡಿನ ಮೇಲೆ ಟಾರ್ಗೆಟ್ ಇಲ್ಲ. ನೋಡಲು ಬಂದವರಿಗೆ ಇದೇ ಸ್ವರ್ಗವೆನಿಸುತ್ತದೆ, ಫೋಟೊ ಹೊಡೆದುಕೊಂಡು ಹೋಗುತ್ತಾರೆ. ಆದರೆ ಮನೆಯಲ್ಲಿ ನೇಯುವ ಒಂಟಿ ನೇಕಾರನ ಕಷ್ಟ ಬೇರೆ. ಯಾರದೋ ನೂಲು, ಜೋಡಿಗಿಷ್ಟು ಎಂಬ ಕೂಲಿ. ಪಂಚೆ, ಸೀರೆಯಂಥ ಕೆಲವು ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ ಕಾಯ್ದೆ 1985ರಿಂದ ಇದೆ, ಅಂಗಡಿಯಲ್ಲಿ ಪವರ್‌ಲೂಮಿನದೇ ದರ್ಬಾರು. ಅವನು ಧರಣಿ ಕೂರುವುದು ಯಾರ ಬಾಗಿಲಲ್ಲಿ? ಮಗ್ಗ ಅವನದೇ, ಮನೆ ಅವನದೇ. ಮಗ್ಗ ನಿಲ್ಲಿಸಿದರೆ ಅವನ ಒಲೆಯೇ ಮೊದಲು ಆರುತ್ತದೆ. ಈ ದೇಶದಲ್ಲಿ ದುಡಿಯುವವರ ದೊಡ್ಡ ಪಾಲು ಹೀಗೆ ಗೇಟೇ ಇಲ್ಲದವರು: ಬೇಬಿ ಬೆಟ್ಟದ ಸುತ್ತ ಕಲ್ಲು ಒಡೆದವರು, ಕೆ.ಆರ್. ಪೇಟೆಯ ಕಡೆ ಕಬ್ಬು ಕಡಿಯಲು ದೂರದಿಂದ ಬಂದು ಗುಡಿಸಲು ಹಾಕುವವರು. ಆ ಲೆಕ್ಕದಲ್ಲಿ ಗಾರ್ಮೆಂಟ್ಸಿನ ಹೆಂಗಸಿಗೆ ಒಂದು ಅನುಕೂಲವಿದೆ. ಅವಳನ್ನು ಸಾವಿರ ಜನರ ಜೊತೆ ಒಂದೇ ಸೂರಿನಡಿ ತಂದು ಕೂರಿಸಿದ್ದು ಕಂಪನಿಯೇ.

ಆ ಅನುಕೂಲಕ್ಕೂ ಈಗ ಹೊಸ ಅಳತೆಗೋಲು ಬಂದಿದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯಲ್ಲಿ ಲೇ-ಆಫ್, ಮುಚ್ಚುವಿಕೆಗೆ ಸರ್ಕಾರದ ಒಪ್ಪಿಗೆ ಬೇಕಾಗುವ ಮಿತಿ 100ರಿಂದ 300ಕ್ಕೆ ಏರಿದೆ. ಸಾವಿರ ಜನರ ಶೆಡ್ಡಿಗೆ ಇದರಿಂದ ವ್ಯತ್ಯಾಸವಿಲ್ಲ. ಇನ್ನೂರೈವತ್ತು ಜನ ದುಡಿಯುವ ಊರಂಚಿನ ಘಟಕಕ್ಕೆ ದಾರಿ ಸಲೀಸು. ಹಾಗೆಯೇ, ಶೇ 51ರಷ್ಟು ಕೆಲಸಗಾರರ ಬೆಂಬಲವಿರುವ ಸಂಘವೇ ಮಾತುಕತೆಗೆ ಕೂರುವ ಏಕೈಕ ಸಂಘ. ಮಾಲೀಕರಿಗೆ ಇದು ಅನುಕೂಲ ಎನ್ನುವವರಿದ್ದಾರೆ. ಶ್ರೀರಂಗಪಟ್ಟಣದಂಥ ಕಡೆ ಸದಸ್ಯರ ಪಟ್ಟಿ ಇಟ್ಟುಕೊಂಡವರಿಗೂ ಇದು ಕೆಲಸಕ್ಕೆ ಬಂದೀತು ಎಂದು ನನಗನ್ನಿಸುತ್ತದೆ.

ಸಂಘದ ಕೆಲಸ ನಡೆಯುವುದು ಭಾನುವಾರ. ವಾರಕ್ಕೊಂದೇ ರಜೆ, ಅದರಲ್ಲಿ ಬಟ್ಟೆ ಒಗೆದು, ರಾಗಿ ಬೀಸಿಸಿ, ತಲೆಗೆ ಎಣ್ಣೆ ಹಚ್ಚಿಸಿಕೊಂಡ ಮಗುವನ್ನೂ ಕಟ್ಟಿಕೊಂಡು ಬರಬೇಕು. ಹನ್ನೊಂದಕ್ಕೆ ಕರೆದರೆ ಹನ್ನೆರಡೂವರೆಗೆ ಜಮಾಯಿಸುತ್ತಾರೆ. ಬೆಂಗಳೂರಿನಿಂದ ಬಂದವರು ಸಂಹಿತೆ, ಕಲಮು ಎಂದು ವಿವರಿಸುವಾಗ ಅರ್ಧ ಜನ ಮಕ್ಕಳಿಗೆ ಬಿಸ್ಕತ್ತು ಬಿಚ್ಚಿಕೊಡುತ್ತಿರುತ್ತಾರೆ. ಬೇಡಿಕೆ ಪಟ್ಟಿ ಬರೆಯಲು ಹಾಳೆ ತೆಗೆದಾಗ ಮಾತ್ರ ಎಲ್ಲರ ಮೈ ಚುರುಕಾಗುತ್ತದೆ.

"ಮೊದಲ್ನೇದು ಸಂಬಳ ಬರ್ಕಳಿ ಮೇಡಂ."

"ಇರಕ್ಕ, ಸಂಬಳ ಆಮೇಲೆ. ಐದು ನಿಮ್ಸ ಲೇಟಾದ್ರೆ ಅರ್ಧ ದಿನ ಕಟ್ ಮಾಡ್ತರಲ್ಲ, ಅದ ಮೊದ್ಲು ಬರೀರಿ. ವ್ಯಾನ್ ಪಂಚರಾದ್ರೆ ನಾವೇನ್ ಮಾಡನ?"

"ಮೊದ್ಲು ಟಾಯ್ಲೆಟ್ ಕಣೆ. ಅದಕ್ಕೆ ಚಿಲ್ಕನೇ ಇಲ್ಲ."

ಕೊನೆಗೆ ಚಿಲಕ ಒಂದನೇ ನಂಬರಿಗೆ ಬಂತು, ಲೇಟು ಎರಡಕ್ಕೆ. ಸಂಬಳ ಎಷ್ಟು ಕೇಳಬೇಕೆಂಬ ಚರ್ಚೆ ಶುರುವಾದಾಗ ಎರಡು ಗಂಟೆ ದಾಟಿತ್ತು. ಊಟಕ್ಕೆ ಏಳುವ ಮಾತು ಯಾರೂ ಎತ್ತಲಿಲ್ಲ.